ಪರದೇಶಯಾತ್ರೆಯೂ ಉಣ್ಣಿಯ ಜ್ವರವೂ

ದೂರದೇಶಕ್ಕೆ ಹೋಗಿಬಂದವರನ್ನು ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಏನೇನು ನೋಡಿದಿರಿ, ಏನೇನು ತಂದಿರಿ? ಮೊದಲನೆಯದಕ್ಕೆ ಅವರು ಚಿತ್ರಗಳನ್ನು ತೋರಿಸಿ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಪೆಟ್ಟಿಗೆಯನ್ನು ತೆರೆದು ಉತ್ತರ ಕೊಡುತ್ತಾರೆ. ಆದರೆ ಪೆಟ್ಟಿಗೆಯಲ್ಲಿ ಕಾಣದ, ಸುಂಕದ ಕಟ್ಟೆಯವರ ಕಣ್ಣಿಗೂ ಬೀಳದ ಒಂದು ಸರಕನ್ನು ಕೆಲವರು ತಮಗೇ ತಿಳಿಯದೆ ಮೈಯಲ್ಲಿ ಹೊತ್ತು ತರುವುದುಂಟು. ಆ ಸರಕಿನ ವಿಚಾರವಾಗಿ, ಎಂದರೆ ಉಣ್ಣಿಯ ಕಡಿತದಿಂದ ಅಂಟುವ ಜ್ವರಗಳ ವಿಚಾರವಾಗಿ, ಈ ಹೊತ್ತು ನಾಲ್ಕು ಮಾತುಗಳನ್ನು ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಉದ್ದೇಶ.

ಹಿಂದಿನ ಕಾಲದಲ್ಲಿ ಸಮುದ್ರಯಾನವೆಂದರೆ ವಾರಗಟ್ಟಲೆಯ ಮಾತು. ಬೊಂಬಾಯಿಯಿಂದ ಇಂಗ್ಲೆಂಡಿಗೆ ಹೋಗಬೇಕಾದರೆ ಹಡಗಿನಲ್ಲಿ ಎರಡು ಮೂರು ವಾರಗಳನ್ನು ಕಳೆಯಬೇಕಾಗಿತ್ತು. ಹೊರಡುವ ಮುನ್ನ ರೋಗಾಣುವೊಂದು ಮೈಹೊಕ್ಕಿದ್ದರೆ ಅನೇಕವೇಳೆ ಅದು ನಡುಗಡಲಿನಲ್ಲಿಯೇ ತನ್ನ ಗುಣವನ್ನು ತೋರಿಸುತ್ತಿತ್ತು. ದಡ ಸೇರುವ ವೇಳೆಗೆ ರೋಗಿ ಯಾರು, ನಿರೋಗಿ ಯಾರು ಎಂಬುದು ಹಡಗಿನ ವೈದ್ಯರಿಗೆ ಬಹುಮಟ್ಟಿಗೆ ತಿಳಿದಿರುತ್ತಿತ್ತು. 1377ರಲ್ಲಿ ಏಡ್ರಿಯಾಟಿಕ್ ಕಡಲ ತೀರದ ರಗೂಸಾ ಪಟ್ಟಣದವರು, ಪ್ಲೇಗಿನ ಸೀಮೆಗಳಿಂದ ಬಂದವರು ಮೂವತ್ತು ದಿನ ಊರ ಹೊರಗೆ ತಂಗಿದ್ದು ಆಮೇಲೆ ಒಳಕ್ಕೆ ಬರತಕ್ಕದ್ದೆಂದು ಕಟ್ಟಳೆ ಮಾಡಿದುದೂ ಈ ತತ್ತ್ವವನ್ನು ನಂಬಿಯೇ: ಕಾಲ ಕಳೆದರೆ ರೋಗ ತಾನಾಗಿ ಹೊರಬೀಳುವುದು.

ವಿಮಾನ ಈ ಲೆಕ್ಕವನ್ನು ಕೆಡಿಸಿಬಿಟ್ಟಿತು. ದಕ್ಷಿಣ ಆಫ್ರಿಕದ ಹುಲ್ಲುಗಾವಲಿನಲ್ಲಿ ನಿನ್ನೆ ನಡೆದಾಡುತ್ತಿದ್ದವರು ನಾಳೆ ಬೆಂಗಳೂರಿನ ತಮ್ಮ ಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿರುತ್ತಾರೆ. ಜ್ವರ ತಲೆದೋರುವುದಕ್ಕೆ ಇನ್ನೂ ಐದಾರು ದಿನಗಳಿರುತ್ತವೆ. ಅಷ್ಟರಲ್ಲಿ ಪೆಟ್ಟಿಗೆ ಅಟ್ಟ ಸೇರಿರುತ್ತದೆ, ರಜ ಮುಗಿದಿರುತ್ತದೆ, ಪ್ರಯಾಣದ ನೆನಪು ಹಿಂದೆ ಸರಿದಿರುತ್ತದೆ. ರೋಗ ಅಂಟಿದ ಸ್ಥಳ ಒಂದು, ಕಾಣಿಸಿಕೊಂಡ ಸ್ಥಳ ಸಾವಿರಾರು ಮೈಲಿಗಳಾಚೆಯ ಇನ್ನೊಂದು. ಈ ಎರಡನ್ನೂ ಕೂಡಿಸತಕ್ಕ ಸೂತ್ರವೆಂದರೆ ರೋಗಿಯ ಬಾಯಿಮಾತು. ಅವರು ಹೇಳದಿದ್ದರೆ, ವೈದ್ಯರು ಕೇಳದಿದ್ದರೆ, ಸೂತ್ರ ಹರಿದಂತೆಯೇ ಸರಿ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ವಿಶ್ರಾಂತಿವೇತನ ಪಡೆಯುತ್ತಿರುವ ಅಧ್ಯಾಪಕರೊಬ್ಬರು ತಮ್ಮ ಮಗನೊಡನೆ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಆನೆ, ಸಿಂಹ, ಜಿರಾಫೆಗಳನ್ನು ನೋಡಿಕೊಂಡು ಬಂದರು. ಒಂದು ಬೆಳಗ್ಗೆ ಮಾರ್ಗದರ್ಶಕನ ಸಂಗಡ ಹುಲ್ಲಿನ ನಡುವೆ ಕಾಲ್ನಡಿಗೆಯಲ್ಲಿಯೂ ಸುತ್ತಿದರು. ಊರಿಗೆ ಬಂದ ನಾಲ್ಕನೆಯ ದಿನ ತಂದೆಯವರಿಗೆ ಚಳಿ, ಜ್ವರ, ಸಹಿಸಲಾರದ ತಲೆನೋವು, ಕತ್ತಿನ ಸ್ನಾಯುಗಳ ಸೆಳೆತ. ಹವೆಯ ಬದಲಾವಣೆಯೆಂದು ಮನೆಯವರೆಂದರು. ಎರಡು ದಿನ ಮಾತ್ರೆ ನುಂಗಿದರು. ಆಮೇಲೆ ಕಂಡ ವೈದ್ಯರು, ಊರಿನಲ್ಲಿ ಡೆಂಗೀ ಇರುವ ಕಾಲವಾದ್ದರಿಂದ ಅದರ ಪರೀಕ್ಷೆ ಮಾಡಿಸಿದರು. ಅದಲ್ಲವೆಂದು ತಿಳಿದ ಮೇಲೆ ವಿಷಮಶೀತಜ್ವರವಿರಬಹುದೆಂದು ಔಷಧ ಕೊಟ್ಟರು. ಕಾಲುಚೀಲದ ಅಂಚಿನಲ್ಲಿ ಕಡಲೆಕಾಳಿನಷ್ಟು ಗಾತ್ರದ ಕಪ್ಪು ಹಕ್ಕಳೆಯೊಂದಿತ್ತು. ಬೂಟು ತಾಗಿದ ಗಾಯವೆಂದು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇತ್ತ ಬೇರೆ ಮನೆ ಮಾಡಿಕೊಂಡಿದ್ದ ಮಗನಿಗೂ ಅದೇ ವಾರ ಜ್ವರ. ಅವನನ್ನು ನೋಡಿದವರು ಇನ್ನೊಬ್ಬ ವೈದ್ಯರು. ಇಬ್ಬರು ವೈದ್ಯರ ಕೈಯಲ್ಲಿಯೂ ಅರ್ಧರ್ಧ ಕಥೆ. ಎರಡು ಅರ್ಧಗಳನ್ನು ಜೋಡಿಸುವವರಿಲ್ಲ.

ಈ ಜ್ವರಕ್ಕೆ ಆಫ್ರಿಕದ ಉಣ್ಣಿಕಡಿತದ ಜ್ವರವೆಂದು ಹೆಸರು. ಇದು ಅಪರೂಪದ ಕಾಯಿಲೆಯೆಂದು ತಿಳಿಯಬಾರದು. ಪ್ರವಾಸದಿಂದ ಹಿಂದಿರುಗಿ ಕಾಯಿಲೆ ಬಿದ್ದವರ ವಿವರಗಳನ್ನು ಅನೇಕ ದೇಶಗಳ ಚಿಕಿತ್ಸಾಲಯಗಳು ಒಟ್ಟುಗೂಡಿ ಸಂಗ್ರಹಿಸುವ ಜಿಯೋಸೆಂಟಿನೆಲ್ ಎಂಬ ವ್ಯವಸ್ಥೆಯೊಂದಿದೆ. 2006ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದಿಂದ ಜ್ವರ ಹೊತ್ತು ಬಂದವರಲ್ಲಿ ಮೊದಲ ಸ್ಥಾನ ಮಲೇರಿಯದ್ದು. ಉಣ್ಣಿಯ ಜ್ವರಗಳ ಗುಂಪು ಡೆಂಗೀಯನ್ನೂ ವಿಷಮಶೀತಜ್ವರವನ್ನೂ ಮೀರಿಸಿತ್ತು. 1996ರಿಂದ 2008ರ ವರೆಗೆ ಇದೇ ವ್ಯವಸ್ಥೆಯಲ್ಲಿ ದಾಖಲಾದ, ಉಣ್ಣಿ, ನುಸಿ, ಹೇನು ಮುಂತಾದವುಗಳಿಗೆ ಸಂಬಂಧಪಟ್ಟ ಈ ಜಾತಿಯ 280 ಪ್ರಕರಣಗಳಲ್ಲಿ 231 ಉಣ್ಣಿಯ ಚುಕ್ಕೆಜ್ವರದ ಪಂಗಡಕ್ಕೆ ಸೇರಿದ್ದವು. ಅವುಗಳಲ್ಲಿ ಬಹುಪಾಲು ಆಫ್ರಿಕದಿಂದಲೇ ಬಂದವು.

ಈಗ ಈ ಉಣ್ಣಿಯ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ದನಕರುಗಳ ಕಿವಿಯಲ್ಲಿ, ನಾಯಿಯ ಕತ್ತಿನಲ್ಲಿ ಇದನ್ನು ನೋಡದ ಕನ್ನಡಿಗರಿಲ್ಲ. ಮಲೆನಾಡಿನವರು ಇದನ್ನು ಉಣುಗು ಎಂದೂ ಕರೆಯುತ್ತಾರೆ. ಜನ ಇದನ್ನು ಹುಳುವೆಂದರೂ ಶಾಸ್ತ್ರಜ್ಞರು ಇದನ್ನು ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿಸಿದ್ದಾರೆ; ಬೆಳೆದ ಉಣ್ಣಿಗೆ ಕಾಲುಗಳು ಎಂಟು, ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಗೆ ಆರು. ಇಲ್ಲಿ ನಾವು ಹೇಳುತ್ತಿರುವ ಜಾತಿಗಳ ಜೀವನದಲ್ಲಿ ಮುಖ್ಯವಾದ ಊಟಗಳು ಮೂರೇ. ಮರಿಯಾಗಿದ್ದಾಗ ಒಮ್ಮೆ, ನಡುಪ್ರಾಯದಲ್ಲಿ ಒಮ್ಮೆ, ಪೂರ್ಣ ಬೆಳೆದ ಮೇಲೆ ಒಮ್ಮೆ ಯಾವುದಾದರೂ ಪ್ರಾಣಿಯ ಮೈ ಹತ್ತಿ, ದಿನಗಟ್ಟಲೆ ಕಚ್ಚಿಹಿಡಿದು ರಕ್ತ ಕುಡಿದು, ತುಂಬಿದ ಮೇಲೆ ನೆಲಕ್ಕೆ ಬೀಳುತ್ತದೆ. ಒಂದು ಊಟದಿಂದ ಇನ್ನೊಂದು ಊಟಕ್ಕೆ ತಿಂಗಳುಗಟ್ಟಲೆ ಉಪವಾಸವಿರಬಲ್ಲುದು. ಒಂದು ಪ್ರಾಣಿಯಿಂದ ಪಡೆದ ರೋಗಾಣುವನ್ನು ಮತ್ತೊಂದಕ್ಕೆ ದಾಟಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಮತ್ತೊಂದಿರಲಾರದು.

ಸೊಳ್ಳೆ ಕಡಿದರೆ ನಮಗೆ ಗೊತ್ತಾಗುತ್ತದೆ. ಉಣ್ಣಿ ಕಡಿದರೆ ಗೊತ್ತಾಗುವುದು ಅಪೂರ್ವ. ಇದಕ್ಕೆ ಕಾರಣ ಅದರ ಜೊಲ್ಲು. ನೋವನ್ನು ಅಡಗಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥಗಳು ಆ ಜೊಲ್ಲಿನಲ್ಲಿವೆ. ದಿನಗಟ್ಟಲೆ ಒಂದೇ ಕಡೆ ಕುಳಿತು ಉಣ್ಣಬೇಕಾದ ಅತಿಥಿಗೆ ಆತಿಥೇಯನ ಅರಿವಿಗೆ ಬಾರದಿರುವುದು ಪ್ರಾಣಕ್ಕೇ ಸಂಬಂಧಿಸಿದ ವಿಚಾರವಷ್ಟೆ. ಆದಕಾರಣ, "ನಿಮಗೆ ಉಣ್ಣಿ ಕಡಿದಿತ್ತೇ?" ಎಂಬ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ ಅದನ್ನು ನಂಬಿ ಸುಮ್ಮನಾಗುವಂತಿಲ್ಲ. "ಉಣ್ಣಿ ಇರುವ ಸ್ಥಳಕ್ಕೆ ಹೋಗಿದ್ದಿರಾ?" ಎಂದು ಕೇಳುವುದೇ ಲೇಸು.

ಕೆಲವು ಜಾತಿಯ ಉಣ್ಣಿಗಳು ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ, ಬರುವ ಪ್ರಾಣಿಯ ಮೈ ತಾಗಲೆಂದು ಕಾದುಕೊಂಡಿರುತ್ತವೆ. ಆದರೆ ದಕ್ಷಿಣ ಆಫ್ರಿಕದಲ್ಲಿ ಈ ಜ್ವರವನ್ನು ಹರಡುವ ಅಂಬ್ಲಿಯೋಮ ಹೀಬ್ರಿಯಮ್ ಎಂಬ ಚಿತ್ತಾರದ ಬೆನ್ನಿನ ಉಣ್ಣಿ ಅಷ್ಟು ಸಹನೆಯುಳ್ಳದ್ದಲ್ಲ. ಪ್ರಾಣಿಯ ಉಸಿರನ್ನು ಗ್ರಹಿಸಿ ತಾನೇ ಬೇಟೆಯ ಕಡೆಗೆ ನಡೆದುಬರುತ್ತದೆ; ಏಕಕಾಲದಲ್ಲಿ ಹಲವು ಉಣ್ಣಿಗಳು ಒಬ್ಬರನ್ನೇ ಮುತ್ತುವುದೂ ಉಂಟು. ಇದರಿಂದ ಎರಡು ಫಲಗಳು. ಒಬ್ಬರ ಮೈಮೇಲೆಯೇ ಎರಡು ಮೂರು ಕಡೆ ಕಡಿತದ ಗುರುತುಗಳು ಕಾಣಬಹುದು. ಒಟ್ಟಿಗೆ ಹೋದವರಲ್ಲಿ ಅನೇಕರು ಒಂದೇ ವಾರದಲ್ಲಿ ಹಾಸಿಗೆ ಹಿಡಿಯಬಹುದು. ಬೇಟೆಗಾರರು, ಸಿಪಾಯಿಗಳು, ಕಾಡಿನ ಓಟದ ಪಂದ್ಯಕ್ಕೆ ಹೋದವರು, ವನ್ಯಮೃಗಗಳನ್ನು ನೋಡಲು ಹೋದವರು ಹೀಗೆ ಗುಂಪುಗುಂಪಾಗಿ ಕಾಯಿಲೆ ಬಿದ್ದ ವರದಿಗಳು ಹಲವಿವೆ.

ರೋಗಾಣುವಿನ ಹೆಸರು ರಿಕೆಟ್ಸಿಯ ಆಫ್ರಿಕೆ. ರಿಕೆಟ್ಸಿಯ ಎಂಬ ಕುಲನಾಮದ ಹಿಂದೆ ಒಬ್ಬ ಮಹನೀಯರ ಬಾಳಿದೆ. ಹವರ್ಡ್ ಟೇಲರ್ ರಿಕೆಟ್ಸ್ ಎಂಬ ಅಮೆರಿಕಾದ ವಿಜ್ಞಾನಿ, ಮೊಂಟಾನಾ ಪ್ರಾಂತದ ಬಿಟರ್‌ರೂಟ್ ಕಣಿವೆಯಲ್ಲಿ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಚುಕ್ಕೆಜ್ವರವನ್ನು ಉಣ್ಣಿಯೇ ಹರಡುವುದೆಂದು 1906ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಅನಂತರ ಹೇನಿನಿಂದ ಹರಡುವ ಟೈಫಸ್ ಜ್ವರವನ್ನು ಪರಿಶೀಲಿಸಲು ಮೆಕ್ಸಿಕೋ ನಗರಕ್ಕೆ ತೆರಳಿ, 1910ರಲ್ಲಿ ಅದೇ ಜ್ವರಕ್ಕೆ ತುತ್ತಾಗಿ ಅಲ್ಲಿಯೇ ತೀರಿಕೊಂಡರು. ಈ ಜಾತಿಯ ರೋಗಾಣುಗಳು ಇತರ ಜೀವಕೋಶಗಳ ಒಳಗೆ ಹೊಕ್ಕಲ್ಲದೆ ಬೆಳೆಯಲಾರವು. ನಮ್ಮ ಸಣ್ಣ ಸಣ್ಣ ರಕ್ತನಾಳಗಳ ಒಳಪದರವೇ ಅವುಗಳ ವಾಸಸ್ಥಾನ. ತಲೆನೋವು, ಮೈಮೇಲಿನ ಕೆಂಪು ಚುಕ್ಕೆ, ಕಡಿದ ಸ್ಥಳದ ಕಪ್ಪು ಹಕ್ಕಳೆ, ಇವೆಲ್ಲಕ್ಕೂ ಮೂಲ ಅಲ್ಲಿಯೇ.

ಆಫ್ರಿಕದ ಈ ಜ್ವರದ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಹೊಂದುವ ಒಂದು ಪ್ರಸಂಗವಿದೆ. 1910ರಲ್ಲಿ ಟ್ಯುನೀಸಿಯ ದೇಶದಲ್ಲಿ ಕೋನೋರ್ ಮತ್ತು ಬ್ರೂಷ್ ಎಂಬ ವೈದ್ಯರು ಮೆಡಿಟರೇನಿಯನ್ ತೀರದ ಉಣ್ಣಿಜ್ವರವನ್ನು ವರ್ಣಿಸಿದರು. ಮರುವರ್ಷವೇ ದಕ್ಷಿಣ ಆಫ್ರಿಕದ ಕಡೆಯಿಂದಲೂ ಅದನ್ನು ಹೋಲುವ ಜ್ವರದ ವರ್ಣನೆ ಬಂದಿತು. ಎರಡೂ ಒಂದೇ ಎಂದು ಬಹುಜನ ಭಾವಿಸಿದರು. 1930ರ ದಶಕದಲ್ಲಿ ಪ್ರಿಟೋರಿಯಾ ನಗರದ ಏಡ್ರಿಯಾನುಸ್ ಪೈಪರ್ ಎಂಬ ವೈದ್ಯರು ಇದನ್ನು ಒಪ್ಪಲಿಲ್ಲ. ಪಟ್ಟಣದ ಸುತ್ತಮುತ್ತ ಇದ್ದುಕೊಂಡು ನಾಯಿಯ ಉಣ್ಣಿಯಿಂದ ಜ್ವರ ಪಡೆದವರ ಸ್ಥಿತಿ ಒಂದು ಬಗೆ. ಬಯಲಿಗೆ ಹೋಗಿ ದನಗಳ ಮತ್ತು ಕಾಡುಮೃಗಗಳ ಉಣ್ಣಿಯಿಂದ ಪಡೆದವರ ಸ್ಥಿತಿ ಇನ್ನೊಂದು ಬಗೆ, ಅದಕ್ಕಿಂತ ಸೌಮ್ಯ. ಆದುದರಿಂದ ಇವು ಎರಡು ಬೇರೆ ಜ್ವರಗಳೆಂದು ಅವರು ವಾದಿಸಿದರು. ಅವರು ಬೇರ್ಪಡಿಸಿದ ರೋಗಾಣು ಉಳಿಯಲಿಲ್ಲವಾಗಿ ಅವರ ವಾದವೂ ಮರೆಗೆ ಸರಿಯಿತು. 1990ರ ಸುಮಾರಿಗೆ ಜಿಂಬಾಬ್ವೆಯ ಉಣ್ಣಿಗಳಲ್ಲಿ ಬೇರೆಯೇ ಒಂದು ರಿಕೆಟ್ಸಿಯ ಸಿಕ್ಕಿತು. 1992ರಲ್ಲಿ ಅದು ರೋಗಿಯೊಬ್ಬರಲ್ಲಿಯೂ ಸಿಕ್ಕಿತು. 1996ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ಪೈಪರರ ಮಾತು ಅರವತ್ತು ವರ್ಷಗಳ ಮೇಲೆ ನಿಜವಾಯಿತು. ರೋಗಿ ಎಲ್ಲಿಗೆ ಹೋಗಿದ್ದ, ಯಾವ ಪ್ರಾಣಿಗಳ ನಡುವೆ ಇದ್ದ ಎಂಬ ವಿಚಾರಣೆಯಿಂದ ಕಂಡುಕೊಂಡ ಭೇದವದು.

ಈ ಜ್ವರದ ಲಕ್ಷಣಗಳನ್ನು ಸಂಗ್ರಹವಾಗಿ ಹೇಳುವುದಾದರೆ: ಕಡಿದ ಐದರಿಂದ ಏಳು ದಿನಗಳ ಮೇಲೆ, ಕೆಲವರಿಗೆ ಹತ್ತು ದಿನಗಳಾದ ಮೇಲೆ, ಜ್ವರ, ತಲೆನೋವು, ಮೈಕೈನೋವು, ವಿಶೇಷವಾಗಿ ಕತ್ತಿನ ನೋವು ಆರಂಭವಾಗುತ್ತವೆ. ಕಡಿದ ಜಾಗದಲ್ಲಿ ಚರ್ಮ ಸತ್ತು, ನಡುವೆ ಕಪ್ಪಾಗಿ, ಸುತ್ತಲೂ ಕೆಂಪೇರಿದ ಹಕ್ಕಳೆ ಕಟ್ಟುತ್ತದೆ. ಅದಕ್ಕೆ ನೋವು ಕಡಿಮೆ. ಕಾಲಿನಲ್ಲಿ ಕಡಿದಿದ್ದರೆ ತೊಡೆಸಂದಿನ ಗಂಟು ಬಾತುಕೊಳ್ಳುತ್ತದೆ. ಕೆಲವರಿಗೆ ಅಲ್ಲಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಅನೇಕರಿಗೆ ಏಳುವುದೇ ಇಲ್ಲ. ಹಕ್ಕಳೆ ಮಂಡಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಕೆಳಗೆ, ತೊಡೆಸಂದಿನಲ್ಲಿ, ಎಂದರೆ ತಮಗೂ ಕಾಣದ, ಇತರರಿಗೂ ತೋರಿಸದ ಎಡೆಗಳಲ್ಲಿರುವುದು ಹೆಚ್ಚು. ನಾಲಗೆ ನೋಡಿ, ಎದೆ ಪರೀಕ್ಷಿಸಿ, ಚೀಟಿ ಬರೆದುಕೊಟ್ಟರೆ ಅದು ಎಂದಿಗೂ ಕಣ್ಣಿಗೆ ಬೀಳದು. ಸಂಕೋಚವನ್ನು ಬದಿಗಿಟ್ಟು ಮೈಯನ್ನು ಪೂರ್ಣವಾಗಿ ಪರೀಕ್ಷಿಸಿದರೆ ಅರೆಗಳಿಗೆಯಲ್ಲಿ ಗೊತ್ತಾಗುವ ರೋಗ, ಹಾಗೆ ಮಾಡದಿದ್ದರೆ ವಾರಗಟ್ಟಲೆ ಒಗಟಾಗಿ ಉಳಿಯುತ್ತದೆ.

ರಕ್ತಪರೀಕ್ಷೆಯಿಂದ ತಿಳಿಯದೇ ಎಂದು ಶ್ರೋತೃಗಳು ಕೇಳಬಹುದು. ತಿಳಿಯುತ್ತದೆ, ಆದರೆ ತಡವಾಗಿ. ರೋಗಾಣುವಿಗೆ ಎದುರಾಗಿ ದೇಹ ತಯಾರಿಸುವ ಪ್ರತಿವಸ್ತುಗಳು ರಕ್ತದಲ್ಲಿ ಕಾಣಿಸಿಕೊಳ್ಳುವುದಕ್ಕೆ ಈ ಜ್ವರದಲ್ಲಿ ಮೂರು ನಾಲ್ಕು ವಾರಗಳು ಹಿಡಿಯಬಹುದು. ಮೊದಲ ವಾರದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೆ ರೋಗವಿಲ್ಲವೆಂದು ಅರ್ಥವಲ್ಲ. ಹಕ್ಕಳೆಯ ಬುಡದಿಂದ ಸ್ವಲ್ಪ ದ್ರವವನ್ನು ಒರೆಸಿ ತೆಗೆದು ರೋಗಾಣುವಿನ ವಂಶವಸ್ತುವನ್ನು ಹುಡುಕುವ ಪರೀಕ್ಷೆ ಹೆಚ್ಚು ಬೇಗ ಫಲ ಕೊಡುತ್ತದೆ. ಆದರೆ ಅದನ್ನು ಮಾಡಬಲ್ಲ ಪ್ರಯೋಗಶಾಲೆಗಳು ಎಲ್ಲೆಲ್ಲಿಯೂ ಇಲ್ಲ. ಹೀಗಿರುವುದರಿಂದ ಬಲ್ಲ ವೈದ್ಯರು ಪ್ರಯಾಣದ ಕಥೆಯನ್ನೂ ಹಕ್ಕಳೆಯನ್ನೂ ನಂಬಿ, ಪರೀಕ್ಷೆಯ ಫಲಕ್ಕಾಗಿ ಕಾಯದೆ ಚಿಕಿತ್ಸೆಗೆ ತೊಡಗುತ್ತಾರೆ. ಔಷಧ ಡಾಕ್ಸಿಸೈಕ್ಲಿನ್. ಸುಲಭ ಬೆಲೆಗೆ ದೊರೆಯುವ ಹಳೆಯ ಔಷಧವದು. ಒಂದೆರಡು ದಿನಗಳಲ್ಲಿ ಸಾಮಾನ್ಯವಾಗಿ ಜ್ವರ ಇಳಿಯುತ್ತದೆ. ಪೆನ್ಸಿಲಿನ್ ಮತ್ತು ಅದರ ಬಳಗದ ಔಷಧಗಳು ಇಲ್ಲಿ ಪ್ರಯೋಜನಕ್ಕೆ ಬಾರವು. ನಮ್ಮ ಅಧ್ಯಾಪಕರಿಗೆ ಮೊದಲು ಕೊಟ್ಟಿದ್ದೂ ಆ ಬಳಗದ್ದೇ ಆಗಿದ್ದರೆ ಜ್ವರ ಇಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆಫ್ರಿಕದಿಂದ ಬಂದವರಿಗೆ ಜ್ವರ ಬಂದರೆ ಹಕ್ಕಳೆ ಇರಲಿ, ಇಲ್ಲದಿರಲಿ, ಮೊಟ್ಟಮೊದಲು ಅದೇ ದಿನ ಮಲೇರಿಯದ ಪರೀಕ್ಷೆ ನಡೆಯತಕ್ಕದ್ದು. ಅನುಮಾನ ಉಳಿದರೆ ಮತ್ತೊಮ್ಮೆ ನಡೆಯತಕ್ಕದ್ದು. ಅಲ್ಲಿನ ಮಲೇರಿಯ ಕೆಲವೇ ದಿನಗಳಲ್ಲಿ ಪ್ರಾಣಾಂತಿಕವಾಗಬಲ್ಲುದು. ಒಬ್ಬರ ಮೈಯಲ್ಲಿ ಎರಡು ರೋಗಗಳೂ ಇರಬಾರದೆಂದು ನಿಯಮವೇನೂ ಇಲ್ಲ.

ಆಫ್ರಿಕದ ಉಣ್ಣಿಜ್ವರ ಸೌಮ್ಯವಾದುದು. ಔಷಧ ತಡವಾದರೂ ಬಹುಮಟ್ಟಿಗೆ ಗುಣವಾಗತಕ್ಕದ್ದು. ಹಾಗಾದರೆ ಇಷ್ಟು ಮಾತೇಕೆ ಎಂದರೆ, ಅದರ ಬಂಧುಗಳೆಲ್ಲ ಅಷ್ಟು ಸಾಧುಗಳಲ್ಲ. ರಿಕೆಟ್ಸರು ಪರಿಶೀಲಿಸಿದ ಅಮೆರಿಕಾದ ಚುಕ್ಕೆಜ್ವರವನ್ನೇ ನೋಡಿರಿ. ತಕ್ಕ ಔಷಧಗಳಿಲ್ಲದ ಕಾಲದಲ್ಲಿ ಅದು ಹಿಡಿದವರಲ್ಲಿ ಐವರಿಗೆ ಒಬ್ಬರಾದರೂ ಸಾಯುತ್ತಿದ್ದರು. ಈಗಲೂ ಮೊದಲ ಐದು ದಿನಗಳೊಳಗೆ ಡಾಕ್ಸಿಸೈಕ್ಲಿನ್ ಆರಂಭವಾದರೆ ಬದುಕು ನಿಶ್ಚಯಪ್ರಾಯ; ತಡವಾದಷ್ಟೂ ಅಪಾಯ ಏರುತ್ತ ಹೋಗುತ್ತದೆ. 2023ರ ಜುಲೈ ತಿಂಗಳ ಕೊನೆಯಿಂದ ಆ ವರ್ಷದ ಅಂತ್ಯದೊಳಗಾಗಿ ದಕ್ಷಿಣ ಕ್ಯಾಲಿಫೋರ್ನಿಯದ ಆಸ್ಪತ್ರೆಗಳಲ್ಲಿ ಈ ಜ್ವರದ ಐವರು ರೋಗಿಗಳು ಕಂಡುಬಂದರು. ಐವರೂ ಗಡಿಯಾಚೆಗಿನ ಮೆಕ್ಸಿಕೋ ದೇಶದ ತೆಕಾತೆ ಪಟ್ಟಣಕ್ಕೆ ಹೋಗಿದ್ದವರು ಅಥವಾ ಅಲ್ಲಿ ವಾಸವಾಗಿದ್ದವರು. ಅವರಲ್ಲಿ ನಾಲ್ವರು ಹದಿನೆಂಟು ವರ್ಷದೊಳಗಿನವರು. ಐವರಲ್ಲಿ ಮೂವರು ಉಳಿಯಲಿಲ್ಲ. ಆ ಸೀಮೆಯಲ್ಲಿ ಈ ಜ್ವರವನ್ನು ಹರಡುವುದು ಬೀದಿಯ ನಾಯಿ, ಸಾಕಿದ ನಾಯಿಗಳ ಮೈಮೇಲಿನ ಕಂದು ಉಣ್ಣಿ. ಅದು ಸಿಗುವುದಕ್ಕೆ ಕಾಡಿಗೇ ಹೋಗಬೇಕಾಗಿಲ್ಲ. ನೆಂಟರ ಮನೆಯ ಅಂಗಳವೇ ಸಾಕು. ಪ್ರವಾಸವೆಂದು ಯಾರೂ ಎಣಿಸದ ನಾಲ್ಕು ದಿನದ ಭೇಟಿಯೂ ವೈದ್ಯರಿಗೆ ಹೇಳತಕ್ಕ ಪ್ರವಾಸವೇ.

ಇನ್ನೊಂದು ಜಾತಿಯ ಅಪಾಯ ರೋಗಿಯನ್ನು ಮೀರಿ ಶುಶ್ರೂಷೆ ಮಾಡುವವರನ್ನೂ ಮುಟ್ಟುತ್ತದೆ. ಹಯಲೋಮ ಎಂಬ ಉಣ್ಣಿಯಿಂದಲೂ, ಸೋಂಕಿದ ದನ ಕುರಿಗಳ ರಕ್ತದಿಂದಲೂ ಅಂಟುವ ಕ್ರೈಮಿಯಾ-ಕಾಂಗೋ ರಕ್ತಸ್ರಾವದ ಜ್ವರ ವೈರಸ್ಸಿನಿಂದ ಬರತಕ್ಕದ್ದು. ಡಾಕ್ಸಿಸೈಕ್ಲಿನ್ ಅದಕ್ಕೆ ನಾಟದು. 2012ರ ಅಕ್ಟೋಬರಿನಲ್ಲಿ ಕಾಬೂಲಿನಿಂದ ದುಬಾಯಿಯ ಮಾರ್ಗವಾಗಿ ಗ್ಲಾಸ್ಗೋ ನಗರಕ್ಕೆ ವಿಮಾನದಲ್ಲಿ ಬಂದ ಒಬ್ಬರಲ್ಲಿ ಈ ಜ್ವರ ಪತ್ತೆಯಾಯಿತು; ಅವರನ್ನು ಲಂಡನ್ನಿನ ವಿಶೇಷ ಆಸ್ಪತ್ರೆಗೆ ಸಾಗಿಸಿದರೂ ಪ್ರಾಣ ಉಳಿಯಲಿಲ್ಲ. ಅದಕ್ಕೆ ಹಿಂದಿನ ವರ್ಷ, 2011ರ ಜನವರಿಯಲ್ಲಿ, ಗುಜರಾತಿನಲ್ಲಿ ಈ ಜ್ವರ ನಮ್ಮ ದೇಶದಲ್ಲಿ ಮೊದಲ ಬಾರಿಗೆ ದೃಢಪಟ್ಟಾಗ, ರೋಗಿಯನ್ನು ನೋಡಿಕೊಂಡ ವೈದ್ಯರೂ ದಾದಿಯೂ ಅದಕ್ಕೆ ಬಲಿಯಾದರು. ರೋಗಿ ಎಲ್ಲಿಂದ ಬಂದರೆಂಬುದು ಮೊದಲ ಗಳಿಗೆಯಲ್ಲಿಯೇ ತಿಳಿದರೆ ಕೈಗೆ ಕವಚ ತೊಟ್ಟು, ಬೇರೆ ಕೊಠಡಿಯಲ್ಲಿಟ್ಟು ಚಿಕಿತ್ಸೆ ನಡೆಸಬಹುದು. ತಿಳಿಯದಿದ್ದರೆ ಸೂಜಿ ಚುಚ್ಚುವ ಕೈಯೇ ಅಪಾಯಕ್ಕೆ ಒಡ್ಡಿಕೊಂಡಂತೆ.

ಯೂರೋಪಿಗೆ ಹೋಗುವವರಿಗೂ ಎರಡು ಮಾತು. ಮಧ್ಯ ಮತ್ತು ಪೂರ್ವ ಯೂರೋಪಿನ ಕಾಡುಗಳಲ್ಲಿ ಉಣ್ಣಿಯಿಂದ ಮಿದುಳಿನ ಉರಿಯೂತವನ್ನುಂಟುಮಾಡುವ ವೈರಸ್ ಇದೆ. ಆಸ್ಟ್ರಿಯಾ ದೇಶ 1981ರಿಂದ ಜನಸಾಮಾನ್ಯರಿಗೆ ಲಸಿಕೆ ಹಾಕಿಸುವ ಚಳುವಳಿ ನಡೆಸಿ ಈ ರೋಗವನ್ನು ಬಹಳಮಟ್ಟಿಗೆ ಇಳಿಸಿತು. ಬೇಸಗೆಯಲ್ಲಿ ಅಲ್ಲಿನ ಕಾಡುಗಳಲ್ಲಿ ದಿನಗಟ್ಟಲೆ ನಡೆಯುವ ಯೋಚನೆಯುಳ್ಳವರು ಹೊರಡುವ ಮುಂಚೆ ಲಸಿಕೆಯ ವಿಚಾರವಾಗಿ ವೈದ್ಯರನ್ನು ಕೇಳುವುದು ಒಳಿತು. ಕಾಯಿಸದ ಹಾಲಿನಿಂದಲೂ ಈ ರೋಗ ಅಂಟುವುದರಿಂದ ಹಸಿ ಹಾಲನ್ನು ಬಿಡುವುದೂ ಒಳಿತು. ಯೂರೋಪಿನಲ್ಲಿಯೂ ಅಮೆರಿಕಾದ ಈಶಾನ್ಯ ಪ್ರಾಂತಗಳಲ್ಲಿಯೂ ಸಾಮಾನ್ಯವಾಗಿರುವ ಲೈಮ್ ಕಾಯಿಲೆಯಲ್ಲಿ, ಕಡಿದ ಮೂರರಿಂದ ಮೂವತ್ತು ದಿನಗಳೊಳಗೆ ಕೆಂಪು ಮಚ್ಚೆಯೊಂದು ಹುಟ್ಟಿ ದಿನದಿನಕ್ಕೆ ಅಗಲವಾಗುತ್ತ ಹೋಗುತ್ತದೆ. ಅದನ್ನು ಹುಳುಕಡ್ಡಿಯೆಂದು ಮುಲಾಮು ಹಚ್ಚಿ ಬಿಟ್ಟರೆ, ಕೀಲುಗಳಿಗೂ ನರಗಳಿಗೂ ಹೃದಯಕ್ಕೂ ತೊಂದರೆ ಮುಂದೆ ಬರಬಹುದು.

ಪರದೇಶದ ಉಣ್ಣಿಗಳನ್ನು ಇಷ್ಟು ದೂರುವ ನಾವು ನಮ್ಮ ಮನೆಯಂಗಳವನ್ನು ಮರೆಯುವಂತಿಲ್ಲ. 1957ರಲ್ಲಿ ಶಿವಮೊಗ್ಗೆ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪೂನಾ ನಗರದ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ ನೋಡಿದಾಗ ಸಿಕ್ಕಿದ ವೈರಸ್ಸು, ಸಾವಿರಾರು ಮೈಲಿ ದೂರದ ರಷ್ಯಾ ದೇಶದ ಉಣ್ಣಿಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾಗಿತ್ತು. ಇದು ಇಲ್ಲಿಗೆ ಹೇಗೆ ಬಂತು? ಸೈಬೀರಿಯಾದಿಂದ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳೇ ಉಣ್ಣಿಗಳನ್ನು ಹೊತ್ತು ತಂದುವೋ ಎಂಬ ಅನುಮಾನ ಹುಟ್ಟಿತು. 1959ರಲ್ಲಿ ಬೊಂಬಾಯಿಯ ಪ್ರಕೃತಿಚರಿತ್ರೆಯ ಸಂಘದವರು, ವಿಶ್ವ ಆರೋಗ್ಯ ಸಂಸ್ಥೆಯ ಸಹಾಯದಿಂದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಪರಿಶೀಲಿಸಲು ತೊಡಗಿದುದಕ್ಕೆ ಈ ಅನುಮಾನವೂ ಒಂದು ಕಾರಣ. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಅಂದಿನ ವಿಜ್ಞಾನಿಗಳು ಹಕ್ಕಿಗಳನ್ನು ಕೇಳಲು ಹೊರಟ ಪ್ರಶ್ನೆಯೂ ಅದೇ: ಎಲ್ಲಿಂದ ಬಂದಿರಿ?

ನಾವು ಮಂಗನ ಕಾಯಿಲೆಯೆಂದು ಕರೆಯುವ ಈ ಜ್ವರ ಡಿಸೆಂಬರಿನಿಂದ ಮೇ ತಿಂಗಳ ವರೆಗೆ ಹೆಚ್ಚು. ಕಡಿದ ಮೂರರಿಂದ ಎಂಟು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ನೂರಕ್ಕೆ ಮೂರರಿಂದ ಐದು ಮಂದಿಯನ್ನು ಕೊಲ್ಲುತ್ತದೆ. ಇದಕ್ಕೆಂದೇ ಇರುವ ಔಷಧವಿಲ್ಲ. ಹಿಂದೆ ಬಳಕೆಯಲ್ಲಿದ್ದ ಲಸಿಕೆಯ ಬಲ ಸಾಲದೆಂದು ಕಂಡುಬಂದು ಅದನ್ನು ನಿಲ್ಲಿಸಲಾಯಿತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಉತ್ತಮ ಶುಶ್ರೂಷೆಯಿಂದ ಬಹುಮಂದಿ ಬದುಕುತ್ತಾರೆ. ರಜದಲ್ಲಿ ಮಲೆನಾಡಿನ ತೋಟದ ಮನೆಗೆ ಹೋಗಿ ಕಾಡು ಸುತ್ತಿ ಬರುವ ಪಟ್ಟಣವಾಸಿಗಳೂ, ಪರದೇಶದಿಂದ ಬಂದು ತವರೂರನ್ನು ನೋಡಿಕೊಂಡು ಮರಳುವ ನಮ್ಮವರೂ ಇದನ್ನು ನೆನಪಿಡತಕ್ಕದ್ದು. ಇಂಗ್ಲೆಂಡಿನ ವೈದ್ಯರಿಗೆ ಸೊರಬ, ತೀರ್ಥಹಳ್ಳಿ, ಸಿದ್ದಾಪುರಗಳ ಹೆಸರು ತಿಳಿದಿರಲಾರದು. ರೋಗಿಯೇ ಹೇಳಬೇಕು.

ಇನ್ನು ಜಾಗ್ರತೆಯ ವಿಚಾರ. ಉಣ್ಣಿಯಿರುವ ಕಡೆ ಉದ್ದ ತೋಳಿನ, ತಿಳಿಬಣ್ಣದ ಉಡುಪು ತೊಟ್ಟು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳುವುದು; ಬಟ್ಟೆಗೆ ಪರ್ಮೆಥ್ರಿನ್, ಚರ್ಮಕ್ಕೆ ಡೀಟ್ ಮುಂತಾದ ಲೇಪನಗಳನ್ನು ಬಳಸುವುದು; ಮಲೆನಾಡಿನಲ್ಲಾದರೆ ಆರೋಗ್ಯ ಇಲಾಖೆಯವರು ಹಂಚುವ ಡೀಪಾ ತೈಲವನ್ನು ಹಚ್ಚಿಕೊಳ್ಳುವುದು; ಸಂಜೆ ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಮೈಯನ್ನೆಲ್ಲ ನೋಡಿಕೊಳ್ಳುವುದು. ಉಣ್ಣಿ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಹನಿಸುವುದು, ಸುಣ್ಣ ಹಚ್ಚುವುದು, ಉರಿಯುವ ಕಡ್ಡಿ ತಾಗಿಸುವುದು ಯಾವುದೂ ಸಲ್ಲದು. ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಸಮೀಪದಲ್ಲಿ ಹಿಡಿದು, ತಿರುಚದೆ, ಜಜ್ಜದೆ, ನಿಧಾನವಾಗಿ ನೇರಕ್ಕೆ ಎಳೆದು ತೆಗೆದು, ಸೋಪು ನೀರಿನಿಂದ ತೊಳೆಯಬೇಕು. ಅಂದಿನ ತಾರೀಖನ್ನೂ ಸ್ಥಳವನ್ನೂ ದಿನಚರಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂದಿನ ಮೂರು ನಾಲ್ಕು ವಾರಗಳಲ್ಲಿ ಜ್ವರ ಬಂದರೆ ಆ ಒಂದು ಸಾಲು ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಮೊದಲು ಹೇಳಿದ ಅಧ್ಯಾಪಕರ ಮನೆಗೆ ಮರಳೋಣ. ಒಂಬತ್ತನೆಯ ದಿನ ಬೇರೊಬ್ಬ ವೈದ್ಯರು ಬಂದರೆಂದು ಭಾವಿಸೋಣ. ಅವರು ನಾಡಿ ಹಿಡಿಯುವ ಮುಂಚೆ ಕುರ್ಚಿ ಎಳೆದುಕೊಂಡು ಕುಳಿತು, "ಈ ಒಂದು ತಿಂಗಳಲ್ಲಿ ಎಲ್ಲಿಗಾದರೂ ಹೋಗಿದ್ದಿರಾ, ಮೇಷ್ಟ್ರೇ?" ಎಂದು ಕೇಳಿದರು. ಆನೆ, ಸಿಂಹಗಳ ಕಥೆ ಹೊರಬಂತು. ಹುಲ್ಲಿನಲ್ಲಿ ನಡೆದ ಕಥೆಯೂ ಬಂತು. "ಜೊತೆಯಲ್ಲಿ ಹೋದವರು ಹೇಗಿದ್ದಾರೆ?" ಮಗನಿಗೂ ಜ್ವರವೆಂದು ತಿಳಿಯಿತು. "ಕಾಲುಚೀಲ ತೆಗೆಯಿರಿ, ನೋಡೋಣ" ಎಂದರು. ಹಕ್ಕಳೆ ಸಿಕ್ಕಿತು. ಮಲೇರಿಯ ಇಲ್ಲವೆಂದು ಅಂದೇ ಖಚಿತಪಡಿಸಿಕೊಂಡು ಔಷಧ ಬರೆದರು. ಮಗನನ್ನು ನೋಡುತ್ತಿದ್ದ ವೈದ್ಯರಿಗೂ ಸುದ್ದಿ ಕಳುಹಿಸಿದರು. ಮೂರನೆಯ ದಿನ ಮೇಷ್ಟ್ರು ಎದ್ದು ಕುಳಿತು ಗಂಜಿ ಬೇಡ, ಸಾರನ್ನ ಕೊಡು ಎಂದರು.

ಈ ವೈದ್ಯರು ಕೇಳಿದ ಎರಡು ಪ್ರಶ್ನೆಗಳಿಗೆ ಯಂತ್ರವೂ ಬೇಕಾಗಲಿಲ್ಲ, ಕಾಸೂ ಖರ್ಚಾಗಲಿಲ್ಲ. ಆದರೆ ಎಲ್ಲ ವೈದ್ಯರಿಗೂ ಕೇಳುವಷ್ಟು ವ್ಯವಧಾನ ಇರುವುದಿಲ್ಲ. ಕೆಲವರ ಬಾಗಿಲಲ್ಲಿ ನೂರು ಮಂದಿ ಕಾದಿರುತ್ತಾರೆ. ಆದಕಾರಣ ಶ್ರೋತೃಗಳಲ್ಲಿ ನಮ್ಮ ಬಿನ್ನಹವಿಷ್ಟೆ: ದೂರದ ಊರಿನಿಂದ ಬಂದು ಒಂದು ತಿಂಗಳೊಳಗಾಗಿ ಜ್ವರ ಹಿಡಿದರೆ, ವೈದ್ಯರು ಕೇಳಲಿ, ಬಿಡಲಿ, ಹೋದ ಸ್ಥಳದ ಹೆಸರನ್ನೂ, ಅಲ್ಲಿ ಮಾಡಿದ್ದನ್ನೂ, ಮರಳಿದ ತಾರೀಖನ್ನೂ, ಜೊತೆಯವರ ಸ್ಥಿತಿಯನ್ನೂ ತಾವಾಗಿಯೇ ಮೊದಲು ಹೇಳಿರಿ. ಮೈಮೇಲಿನ ಗುರುತು ಎಲ್ಲಿಯೇ ಇರಲಿ, ನಾಚದೆ ತೋರಿಸಿರಿ.